ವರ್ಡ್ಸ್‌ವರ್ತ್ ಬೇಡವೆಂದ ರೈಲಿನಲ್ಲಿ

ಇಂಗ್ಲೆಂಡಿನ ವಾಯವ್ಯ ಭಾಗದ ಸರೋವರ ಪ್ರಾಂತವನ್ನು ನಾನು ಮೊದಲು ಕಂಡದ್ದು ಕಾಲೇಜಿನ ಪಠ್ಯಪುಸ್ತಕದಲ್ಲಿ. ಡ್ಯಾಫೊಡಿಲ್ ಹೂವನ್ನು ನೋಡದೆಯೇ ಅದರ ಸೊಬಗನ್ನು ಕುರಿತು ಪುಟಗಟ್ಟಲೆ ಉತ್ತರ ಬರೆದ ಪೀಳಿಗೆ ನಮ್ಮದು. ಬಹಳ ವರ್ಷಗಳ ಅನಂತರ ಆಕ್ಸೆನ್‌ಹೋಮಿನಲ್ಲಿ ಗಾಡಿ ಬದಲಿಸಿ ವಿಂಡರ್‌ಮಿಯರ್ ನಿಲ್ದಾಣದಲ್ಲಿ ಇಳಿದಾಗ ತುಂತುರು ಮಳೆ. ಬೆಟ್ಟಗಳ ನಡುವೆ ಸುಮಾರು 17 ಕಿ.ಮೀ. ಉದ್ದಕ್ಕೆ ಚಾಚಿದ ನೀರು. ಇಲ್ಲಿನ ಅತ್ಯುನ್ನತ ಶಿಖರವಾದ ಸ್ಕಾಫೆಲ್ ಪೈಕ್ 978 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು. ಆದರೂ ಮೋಡ, ನೀರು, ಬೋಳುಬೆಟ್ಟಗಳು ಸೇರಿದಾಗ ಆ ಅಲ್ಪ ಎತ್ತರವೇ ಗಂಭೀರವಾಗಿ ತೋರುತ್ತದೆ.

ನಾನು ಬಂದ ರೈಲುಮಾರ್ಗವೇ ಒಂದು ಸಾಹಿತ್ಯಕ ವಿವಾದದ ವಸ್ತು. 1844ರಲ್ಲಿ ಅದರ ಪ್ರಸ್ತಾವ ಬಂದಾಗ ವರ್ಡ್ಸ್‌ವರ್ತ್ ಸಾನೆಟ್ ರಚಿಸಿ, ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಗೆ ಪತ್ರಗಳನ್ನು ಬರೆದು ವಿರೋಧಿಸಿದನು. ನಿಸರ್ಗಸೌಂದರ್ಯವನ್ನು ಸವಿಯುವ ಅಭಿರುಚಿ ನಿಧಾನವಾಗಿ ಬೆಳೆಯತಕ್ಕದ್ದು. ಕಾರ್ಖಾನೆಯ ಊರುಗಳ ಜನರನ್ನು ಗುಂಪುಗುಂಪಾಗಿ ಇಲ್ಲಿಗೆ ತರುವುದರಿಂದ ಅವರಿಗೂ ಪ್ರಯೋಜನವಿಲ್ಲ, ಪ್ರದೇಶಕ್ಕೂ ಕ್ಷೇಮವಿಲ್ಲ ಎಂಬುದು ಆತನ ವಾದ. 1847ರಲ್ಲಿ ಮಾರ್ಗ ತೆರೆಯಿತು. ವಿಪರ್ಯಾಸವೆಂದರೆ, 1810ರಲ್ಲಿ ಮೊದಲು ಪ್ರಕಟವಾಗಿ 1835ರ ವೇಳೆಗೆ ಐದನೆಯ ಆವೃತ್ತಿ ಕಂಡ ಕೈಪಿಡಿಯನ್ನು ಬರೆದು ಪ್ರವಾಸಿಗರಿಗೆ ದಾರಿ ತೋರಿದವನೂ ಆತನೇ. ಈ ಪ್ರಾಂತವು ಇಡೀ ದೇಶದ ಸೊತ್ತಿನಂತೆ, ಸವಿಯಬಲ್ಲವರಿಗೆಲ್ಲ ಅದರಲ್ಲಿ ಪಾಲುಂಟು ಎಂಬ ಆಶಯ ಆ ಕೃತಿಯಲ್ಲಿದೆ. ಸವಿಯಬಲ್ಲವರು ಯಾರೆಂದು ನಿರ್ಣಯಿಸತಕ್ಕವರು ಯಾರು? 1844ರ ತರ್ಕವನ್ನು ಒಪ್ಪಿದರೆ, ಒಂದೆರಡು ದಿನಕ್ಕೆಂದು ರೈಲಿನಲ್ಲಿ ಬಂದ ನಾನೂ ಅನರ್ಹನೇ.

ಈ ಪ್ರಶ್ನೆಗೆ ಚರಿತ್ರೆಯೇ ಉತ್ತರ ಕೊಟ್ಟಿದೆ. ಇಲ್ಲಿನ ಥರ್ಲ್‌ಮಿಯರಿನ ರೂಪವನ್ನೇ ಬದಲಿಸಿದ್ದು ರಜೆಯ ಜನಸಂದಣಿಯಲ್ಲ. 1879ರ ಕಾಯಿದೆಯ ಬಲದಿಂದ ಮ್ಯಾಂಚೆಸ್ಟರ್ ನಗರಾಡಳಿತ ಅದಕ್ಕೆ ಅಣೆಕಟ್ಟು ಕಟ್ಟಿ, 1894ರಲ್ಲಿ ಸುಮಾರು 150 ಕಿ.ಮೀ. ದೂರಕ್ಕೆ ನೀರು ಹರಿಸಿತು. ಮರುವರ್ಷ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್‌ನ ಸ್ಥಾಪಕರಲ್ಲಿ ಒಬ್ಬನಾದ ರಾನ್ಸ್‌ಲಿ ಇದೇ ಪ್ರಾಂತದ ಪಾದ್ರಿ. 1902ರಲ್ಲಿ ಡರ್ವೆಂಟ್‌ವಾಟರ್ ದಂಡೆಯ ಬ್ರ್ಯಾಂಡಲ್‌ಹೌ ಭೂಮಿಯನ್ನು ಆ ಸಂಸ್ಥೆ ಕೊಂಡದ್ದು ಸಾರ್ವಜನಿಕರ ವಂತಿಗೆಯಿಂದ. ಅದರಲ್ಲಿ ಕಾರ್ಖಾನೆ ಕೆಲಸಗಾರರ ಕಾಣಿಕೆಯೂ ಇತ್ತು. ಕವಿಯು ಯಾರಿಗೆ ಅಂಜಿದನೋ ಅವರೇ ಕಾವಲಿಗೆ ನಿಂತರು.

ಆತನ ಭೀತಿ ಪೂರ್ತಿ ನಿರಾಧಾರವೆಂದು ನಾನು ಹೇಳಲಾರೆ. ಬೋನೆಸ್ ದಂಡೆಯಲ್ಲಿ ಅಂಗಡಿ, ವಾಹನಗಳ ಸಾಲು ಕಂಡಾಗ ನನಗೂ ಕಸಿವಿಸಿಯಾಯಿತು. ಆದರೆ ನಾವು ಬಯಸುವ ಏಕಾಂತವೂ ಸ್ವಯಂಭುವಲ್ಲ. ಬೆಟ್ಟದ ನೆತ್ತಿಯವರೆಗೆ ಏರುವ, ಗಾರೆಯಿಲ್ಲದ ಕಲ್ಲುಗೋಡೆಗಳನ್ನು ಕಟ್ಟಿದ ಕೈಗಳುಂಟು. ಆ ಇಳಿಜಾರುಗಳನ್ನು ಮರವಿಲ್ಲದ ಹುಲ್ಲುಗಾವಲಾಗಿ ಉಳಿಸಿದ್ದು ಹರ್ಡ್‌ವಿಕ್ ಕುರಿಗಳೂ ಕುರುಬರೂ. 2017ರಲ್ಲಿ ಯುನೆಸ್ಕೋ ಈ ಪ್ರಾಂತವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಸಾಂಸ್ಕೃತಿಕ ಭೂದೃಶ್ಯವೆಂದೇ. ಡ್ಯಾಫೊಡಿಲ್ ಕವಿತೆಯ ಏಕಾಂಗಿಯೂ ಹಾಗೆಯೇ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ದಂಡೆಯಲ್ಲಿ ಆ ಹೂಗಳನ್ನು ಕಂಡಾಗ ಕವಿಯ ಜೊತೆಗಿದ್ದ ತಂಗಿ ಡೊರೊತಿ ದಿನಚರಿಯಲ್ಲಿ ಅದನ್ನು ದಾಖಲಿಸಿದ್ದಾಳೆ. ಕವಿತೆಯಲ್ಲಿ ಅವಳಿಲ್ಲ.

ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ತೆರೆದ ದಾರಿಯಲ್ಲಿ ನಡೆದ ನಾವು ‘ನಿಸರ್ಗಕವಿ’ ಎಂಬ ಬಿರುದನ್ನು ಬಹು ಸುಲಭವಾಗಿ ಬಳಸುತ್ತೇವೆ. ನಿಸರ್ಗಕವಿತೆಯನ್ನು ಓದುವಾಗ, ಆ ನೋಟದಿಂದ ಹೊರಗುಳಿದವರು ಯಾರೆಂದು ಕೇಳುವುದು ಕವಿಗೆ ಮಾಡುವ ಅಗೌರವವಲ್ಲ. ಹಿಂದಿರುಗುವ ಗಾಡಿಯಲ್ಲಿ, ಕೆಸರು ಮೆತ್ತಿದ ಬೂಟುಗಳ ಪಯಣಿಗರ ನಡುವೆ ಕುಳಿತಾಗ ನನಗೆ ಮನದಟ್ಟಾದದ್ದು ಇದು.