ಪಂಚಾಂಗಕ್ಕೆ ಮೊದಲು ಒಂದು ಮಳೆಗಾಲ



ಭಾನುವಾರದ ಪೂಜೆ ಮುಗಿದು ಚರ್ಚಿನ ಅಂಗಳಕ್ಕೆ ಬಂದರೆ ಒಂದು ಮಾತು ಆಗಾಗ ಕೇಳುತ್ತದೆ: "ಜಾಗ ಆಯ್ತಂತಲ್ಲ, ಕೆಲಸ ಯಾವಾಗ ಶುರು?" ಕೇಳಲು ಸಂತೋಷವೇ. ಗಲ್ಫಿನಲ್ಲಿ ಬೆವರು ಸುರಿಸಿ ಉಳಿಸಿದ ಹಣ, ಅಮ್ಮನ ಚಿನ್ನ, ಬ್ಯಾಂಕಿನ ಸಾಲ ಎಲ್ಲ ಸೇರಿ ನಮ್ಮ ಕಾಸರಗೋಡಿನ ಒಂದು ಮೂಲೆಯಲ್ಲಿ ಹತ್ತು ಸೆಂಟ್ಸ್ ಜಾಗ ಆಗುತ್ತದೆ. ಆದರೆ ಜಾಗ ಆದ ಕೂಡಲೇ ಪಂಚಾಂಗ ಹಾಕುವ ಅವಸರ ಬೇಡ ಎಂದು ಹೇಳಲು ಈ ಬರಹ. ಒಂದು ಮಳೆಗಾಲ ಕಾಯೋಣ. ಇದು ನಮ್ಮ ಅಭಿಪ್ರಾಯ. ಇದಕ್ಕೆ ನಾವೇ ಕಂಡ ಒಂದು ಕಾರಣ ಇದೆ.

ಎರಡು ವರ್ಷದ ಹಿಂದೆ ನಮ್ಮ ವಾರ್ಡಿನ ಒಂದು ಕುಟುಂಬ ಜಾಗ ತೆಗೆದುಕೊಂಡಿತು. ಮಾರ್ಚ್ ತಿಂಗಳು, ಒಣಗಿ ಬಿರಿದ ಸಮತಟ್ಟು ನೆಲ. ಮಗನಿಗೆ ರಜೆ ಇದ್ದದ್ದು ಒಂದೇ ತಿಂಗಳು. ಅವನು ವಾಪಸು ಹೋಗುವ ಮೊದಲು ಪಂಚಾಂಗ ಮುಗಿಯಬೇಕೆಂದು ಎಲ್ಲರಿಗೂ ಆಸೆ. ಪರ್ಮಿಟ್ ಆಮೇಲೆ ಮಾಡಿಸಬಹುದು ಎಂದು ಯಾರೋ ಹೇಳಿದರು. ಯುವ ಸಂಘದ ನಾವೆಲ್ಲ ಒಂದು ಶನಿವಾರ ಶ್ರಮದಾನಕ್ಕೆ ಹೋದೆವು. ಜಾಗದವರೆಗೆ ಲಾರಿ ಬರುತ್ತಿರಲಿಲ್ಲ, ಕೆಂಪುಕಲ್ಲುಗಳನ್ನು ತಲೆಯ ಮೇಲೆ ಹೊತ್ತೆವು. ಫಾದರ್ ಬಂದು ಆಶೀರ್ವದಿಸಿದರು. ಆಂಟಿ ಎಲ್ಲರಿಗೂ ಚಹಾ, ಪೋಡಿ ಕೊಟ್ಟರು.

ಜೂನ್‌ನಲ್ಲಿ ಅಲ್ಲಿ ಮೊಣಕಾಲುದ್ದ ನೀರು ನಿಂತಿತು. ಪರ್ಮಿಟಿಗೆ ಅರ್ಜಿ ಹಾಕಿದಾಗ, ಆ ಜಾಗ ಗದ್ದೆಗಳ ಡಾಟಾ ಬ್ಯಾಂಕಿನಲ್ಲಿ ಇದೆ ಎಂದು ತಿಳಿಯಿತು. ಕೆಲಸ ನಿಂತಿತು. ಇವತ್ತು ಆ ಪಂಚಾಂಗದ ಮೇಲೆ ಹುಲ್ಲು, ಪೊದೆ. ಮನೆಯವರು ಇನ್ನೂ ಬಾಡಿಗೆ ಮನೆಯಲ್ಲಿದ್ದಾರೆ. ಬಾಡಿಗೆ ಒಂದು ಕಡೆ, ಸಾಲದ ಕಂತು ಇನ್ನೊಂದು ಕಡೆ.

ತಪ್ಪು ಅವರದ್ದು ಮಾತ್ರ ಎಂದು ನಾವು ಹೇಳಲಾರೆವು. ಅಂದು ಕಲ್ಲು ಹೊತ್ತ ನಮ್ಮಲ್ಲಿ ಒಬ್ಬರಾದರೂ "ರೆಕಾರ್ಡು ನೋಡಿದ್ದೀರಾ?" ಎಂದು ಕೇಳಲಿಲ್ಲ.

ನಮ್ಮ ಕಡೆಯ ಒಂದು ತೊಂದರೆ ಇಲ್ಲೇ ಇದೆ. ಆಧಾರ ಇರುವುದು ಮಲಯಾಳದಲ್ಲಿ. ನಮ್ಮ ಅಪ್ಪ, ಅಜ್ಜಂದಿರು ಕನ್ನಡ ಶಾಲೆಯಲ್ಲಿ ಕಲಿತವರು. ಮಲಯಾಳ ಮಾತು ಅರ್ಥವಾದರೂ ಅಕ್ಷರ ಓದಲು ಬಾರದವರು ಬಹಳ ಮಂದಿ. ಬ್ರೋಕರ್ ಹೇಳಿದ್ದನ್ನು ನಂಬಿ ಸಹಿ ಹಾಕುತ್ತಾರೆ. ಆದರೆ ವಿಷಯವೆಲ್ಲ ಒಂದೇ ಶಬ್ದದಲ್ಲಿ ಇರಬಹುದು. ವಿಲ್ಲೇಜ್ ಆಫೀಸಿನ ರಿಜಿಸ್ಟರಿನಲ್ಲಿ ಜಾಗ 'ಪುರಯಿಡಂ' ಎಂದಿದ್ದರೆ ಒಂದು ದಾರಿ, 'ನಿಲಂ' ಎಂದಿದ್ದರೆ ಬೇರೆಯೇ ದಾರಿ. 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗದ್ದೆಯನ್ನು ನಮ್ಮಷ್ಟಕ್ಕೆ ತುಂಬಿಸಿ ಮನೆ ಕಟ್ಟುವಂತಿಲ್ಲ. ತಪ್ಪಾಗಿ ಡಾಟಾ ಬ್ಯಾಂಕಿಗೆ ಸೇರಿದ ಜಾಗವನ್ನು ಅಲ್ಲಿಂದ ತೆಗೆಸಲು ಫಾರಂ 5. ಡಾಟಾ ಬ್ಯಾಂಕಿನಲ್ಲಿ ಇಲ್ಲದ, ಆದರೆ ರೆಕಾರ್ಡಿನಲ್ಲಿ 'ನಿಲಂ' ಎಂದೇ ಇರುವ ಸಣ್ಣ ಜಾಗಕ್ಕೆ ಫಾರಂ 6. ಡಾಟಾ ಬ್ಯಾಂಕನ್ನು ಕೃಷಿಭವನದಲ್ಲಿ ನೋಡಬಹುದು. ಅಡ್ವಾನ್ಸ್ ಕೊಡುವ ಮೊದಲು ಅಲ್ಲಿಗೆ ಹೋಗಿದ್ದರೆ ಆ ಕುಟುಂಬಕ್ಕೆ ಒಂದು ದಿನ ಖರ್ಚಾಗುತ್ತಿತ್ತು, ಅಷ್ಟೇ.

ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ನಮಗಿದೆ ಎನ್ನುವುದೂ ನೆನಪಿರಲಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಅದನ್ನು ಕೊಟ್ಟಿದೆ.

ಎರಡನೆಯದು ದಾರಿ. ಜಾಗ ಮಾರುವಾಗ "ದಾರಿಗೆ ಏನೂ ತೊಂದರೆ ಇಲ್ಲ" ಎನ್ನುವವರೇ ಎಲ್ಲರೂ. ಎಷ್ಟು ಅಗಲ, ಯಾರ ಜಾಗದಲ್ಲಿ ಹೋಗುತ್ತದೆ, ಆಧಾರದಲ್ಲಿ ಬರೆದಿದೆಯೇ ಎಂದು ನೋಡಬೇಕು. ಬಾಯಿಮಾತಿನ ದಾರಿ ಮುಂದಿನ ತಲೆಮಾರಿಗೆ ಜಗಳವಾಗುತ್ತದೆ. ಬೆಳಿಗ್ಗೆ ಒಂದೇ ಬೆಂಚಿನಲ್ಲಿ ಕೂತು ಪೂಜೆ ಕೇಳಿ, ಸಂಜೆ ಬೇಲಿಗಾಗಿ ಮಾತು ಬಿಟ್ಟವರನ್ನು ನಾವು ನೋಡಿಲ್ಲವೇ?

ಮೂರನೆಯದು ನೀರು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬರುತ್ತದೆ. ಆದರೂ ಏಪ್ರಿಲ್ ಬಂತೆಂದರೆ ಟ್ಯಾಂಕರಿಗೆ ಕಾಯುವ ಮನೆಗಳಿವೆ. ಕೆಂಪುಕಲ್ಲಿನ ಗುಡ್ಡದಲ್ಲಿ ನೀರು ಬಹಳ ದಿನ ನಿಲ್ಲುವುದಿಲ್ಲ. ಅದು ಗೊತ್ತಿದ್ದೇ ನಮ್ಮ ಹಿರಿಯರು ಗುಡ್ಡದ ಬದಿಗೆ ಅಡ್ಡವಾಗಿ ಸುರಂಗ ಕೊರೆದು ನೀರು ತಂದರು. ನಾವು ಮಾತ್ರ ಮನೆಯ ಪ್ಲಾನ್ ಮೊದಲು ಮಾಡಿ, ಬಾವಿಯನ್ನು ಉಳಿದ ಮೂಲೆಗೆ ತಳ್ಳುತ್ತೇವೆ. ಕುಡಿಯುವ ನೀರಿನ ಬಾವಿಯಿಂದ 7.5 ಮೀಟರಿನ ಒಳಗೆ ಶೌಚದ ಇಂಗುಗುಂಡಿ ಮಾಡಬಾರದು ಎಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಲೆಕ್ಕ ಹಾಕಿ ನೋಡಿ. ಹತ್ತು ಸೆಂಟ್ಸ್ ಎಂದರೆ ಸುಮಾರು 404 ಚದರ ಮೀಟರ್. ಬಾವಿಯ ಸುತ್ತ 7.5 ಮೀಟರಿನ ವೃತ್ತ ಎಳೆದರೆ ಸುಮಾರು 176 ಚದರ ಮೀಟರ್. ಬಾವಿ ಜಾಗದ ನಡುವೆ ಇದ್ದರೆ ಅರ್ಧದ ಹತ್ತಿರ ಅಲ್ಲೇ ಹೋಯಿತು. ಪಕ್ಕದ ಮನೆಯವರ ಬಾವಿ ಬೇಲಿಯ ಹತ್ತಿರ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೆರೆಯವರ ನೀರು ಕೆಡಿಸದಿರುವುದೂ ನೆರೆಯವರನ್ನು ಪ್ರೀತಿಸುವುದೇ. ಮಾಡಿನ ನೀರನ್ನೂ ಮರೆಯಬಾರದು. 100 ಚದರ ಮೀಟರ್ ಮಾಡಿನ ಮೇಲೆ ನಮ್ಮ ಮಳೆಗೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಸ್ವಲ್ಪವಾದರೂ ಬಾವಿಯ ಬದಿಗೆ ಇಂಗಿಸಿದರೆ ಬೇಸಗೆಗೆ ಆಗುತ್ತದೆ.

ಬುದ್ಧಿವಂತ ಮತ್ತು ಬುದ್ಧಿಹೀನ ಮನೆ ಕಟ್ಟಿದ ಸಾಮತಿ ನಮಗೆಲ್ಲ ಬಾಯಿಪಾಠ. ಆದರೆ ಸಂತ ಲೂಕರು ಹೇಳುವಾಗ ಮತ್ತಾಯರಲ್ಲಿ ಇಲ್ಲದ ಒಂದು ವಿಷಯ ಸೇರಿಸುತ್ತಾರೆ: ಆ ಮನುಷ್ಯ ಬಂಡೆ ಸಿಗುವ ತನಕ ಆಳಕ್ಕೆ ಅಗೆದ. ಎರಡು ಮನೆಗಳೂ ಬೇಸಗೆಯಲ್ಲಿ ಒಂದೇ ರೀತಿ ಕಂಡಿರಬೇಕು. ವ್ಯತ್ಯಾಸ ತೋರಿಸಿದ್ದು ನೆರೆ ಬಂದಾಗ. ಅದೇ ಲೂಕರ 14ನೇ ಅಧ್ಯಾಯದಲ್ಲಿ, ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವ ಮಾತು ಬರುತ್ತದೆ. ನಮಗೆ ಬೇಕಾದ ಮನೆ ಎಷ್ಟು ದೊಡ್ಡದು? ಮೊಬೈಲಿನಲ್ಲಿ ನೋಡಿದ ಎಲಿವೇಶನ್ ಚಂದವೇ. ಆದರೆ ಐದು ಕೋಣೆಯ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ ಕೂತು ಜಪಸರ ಮಾಡುತ್ತಿದ್ದರೆ, ಮಕ್ಕಳು ಅದೇ ಮನೆಯ ಸಾಲ ತೀರಿಸಲು ದೂರದಲ್ಲಿದ್ದರೆ, ಆ ಮನೆ ಯಾರಿಗೆ?

"ಕಾಯುತ್ತಾ ಕೂತರೆ ಸಿಮೆಂಟಿಗೆ, ಕಲ್ಲಿಗೆ ರೇಟು ಏರುವುದಿಲ್ಲವೇ? ಬಾಡಿಗೆ ನೀವು ಕಟ್ಟುತ್ತೀರಾ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ಬಾಡಿಗೆ ಮನೆಯಲ್ಲಿರುವವರಿಗೆ ಒಂದೊಂದು ತಿಂಗಳೂ ಭಾರ. ಆದರೆ ನಾವು ಹೇಳುವುದು ಕೈಕಟ್ಟಿ ಕೂರಲು ಅಲ್ಲ. ಆ ನಾಲ್ಕು ತಿಂಗಳಲ್ಲಿ ಜಾಗವನ್ನು ಹೆಸರಿಗೆ ಮಾಡಿಸಿ ತೆರಿಗೆ ಕಟ್ಟುವುದು, ಅಳತೆ, ಪ್ಲಾನ್, ಪರ್ಮಿಟ್ ಎಲ್ಲ ಆಗುತ್ತದೆ. ಜುಲೈಯ ಜೋರು ಮಳೆಯಲ್ಲಿ ಕೊಡೆ ಹಿಡಿದು ಹೋಗಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಮೇಲಿನ ಗುಡ್ಡ ಜರಿಯುತ್ತದೆಯೇ ಎಂದು ನೋಡಿದರೆ ಯಾವ ಇಂಜಿನಿಯರನೂ ಬೇಸಗೆಯಲ್ಲಿ ಹೇಳಲಾರದ್ದನ್ನು ಜಾಗವೇ ಹೇಳುತ್ತದೆ.

ಇದರಲ್ಲಿ ನಮ್ಮ ಪಾಲೂ ಇದೆ. ನಮ್ಮಲ್ಲಿ ಮಲಯಾಳ ಓದಲು ಬರುವವರಿದ್ದಾರೆ, ಸಿವಿಲ್ ಕಲಿಯುವವರಿದ್ದಾರೆ, ಕಂಪ್ಯೂಟರಿನಲ್ಲಿ ಅರ್ಜಿ ಹಾಕಲು ತಿಳಿದವರಿದ್ದಾರೆ. ಜಾಗ ತೆಗೆದುಕೊಳ್ಳುವ ಮನೆಯವರು ಅಡ್ವಾನ್ಸ್ ಕೊಡುವ ಮೊದಲು ಗುರಿಕಾರರಿಗೆ ಒಂದು ಮಾತು ಹೇಳಲಿ. ನಾವು ಇಬ್ಬರು ಜೊತೆಗೆ ಬರುತ್ತೇವೆ, ಆಧಾರ ಓದಿ ಕನ್ನಡದಲ್ಲಿ ಹೇಳುತ್ತೇವೆ. ವಿದೇಶದಲ್ಲಿರುವ ಮಗನಿಗೆ ಮಳೆಗಾಲದ ಜಾಗದ ಫೋಟೋ, ವಿಡಿಯೋ ಕಳುಹಿಸುತ್ತೇವೆ. ಫಾದರ್ ಹತ್ತಿರ ಶಿಲಾನ್ಯಾಸದ ಆಶೀರ್ವಾದಕ್ಕೆ ದಿನ ಕೇಳುವ ಮೊದಲು ಪರ್ಮಿಟ್ ಕೈಯಲ್ಲಿರಲಿ. ದೇವರ ಆಶೀರ್ವಾದ ಕೇಳುವುದೂ, ರೆಕಾರ್ಡು ನೋಡುವುದೂ ಎರಡೂ ವಿಶ್ವಾಸದ ಕೆಲಸಗಳೇ.

ಆ ಕುಟುಂಬದ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಪ್ರಾರ್ಥನೆಯಲ್ಲಿ ಅವರನ್ನು ನೆನಪಿಡಿ. ಮುಂದಿನ ಬಾರಿ ವಿಚಾರಣೆಗೆ ಕರೆದಾಗ ನಮ್ಮಲ್ಲಿ ಇಬ್ಬರು ಅವರ ಜೊತೆ ಹೋಗುತ್ತೇವೆ. ಕಲ್ಲು ಹೊರಲು ನಲವತ್ತು ಮಂದಿ ಹೋಗಿದ್ದೆವು, ಕಾಗದ ಹಿಡಿದು ಹೋಗಲು ಇಬ್ಬರಾದರೂ ಬೇಡವೇ?