ಅನುಭವಕ್ಕೆ ಖಾತೆ ಎಲ್ಲಿದೆ?

ಹೊಸ ಕಂಪ್ಯೂಟರು, ತಂತ್ರಾಂಶಗಳನ್ನು ಖರೀದಿಸಿದ ಮಾತ್ರಕ್ಕೆ ಸಂಸ್ಥೆಯ ತಂತ್ರಜ್ಞಾನ ವಿಭಾಗದಲ್ಲಿ ಹೊಸತನ ಹುಟ್ಟುವುದಿಲ್ಲ. ಅಮೆರಿಕದ ಜೆರಾಕ್ಸ್ ಕಂಪನಿಯ ಅನುಭವ ಈ ದೃಷ್ಟಿಯಿಂದ ಗಮನಾರ್ಹ. ನಕಲು ಯಂತ್ರಗಳ ದುರಸ್ತಿಗಾಗಿ ಅದರ ‘ಪಾರ್ಕ್’ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೊದಲು ರೂಪಿಸಿದ್ದು, ತಾನೇ ತರ್ಕಿಸಿ ದೋಷ ಹೇಳುವ ತಂತ್ರಾಂಶವನ್ನು. ದುರಸ್ತಿಗಾರರಿಗೆ ಅದು ರುಚಿಸಲಿಲ್ಲ. ಅವರನ್ನು ಕಾಡುತ್ತಿದ್ದುದು ಕೈಪಿಡಿಯಲ್ಲಿ ಇಲ್ಲದ ದೋಷಗಳು. ಅವುಗಳಿಗೆ ಪರಿಹಾರ ದೊರೆಯುತ್ತಿದ್ದುದು ಊಟದ ವೇಳೆ ಅವರು ಪರಸ್ಪರ ಹೇಳಿಕೊಳ್ಳುತ್ತಿದ್ದ ಅನುಭವಗಳಲ್ಲಿ. ಮಾನವಶಾಸ್ತ್ರಜ್ಞ ಜೂಲಿಯನ್ ಓರ್ 1980ರ ದಶಕದಲ್ಲಿಯೇ ಇದನ್ನು ಗಮನಿಸಿದ್ದರು. ವಿಜ್ಞಾನಿಗಳು ಪಾಠ ಕಲಿತರು. 1990ರ ದಶಕದಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ‘ಯುರೇಕಾ’ ವ್ಯವಸ್ಥೆಯಲ್ಲಿ ದುರಸ್ತಿಗಾರರೇ ಸಲಹೆಗಳನ್ನು ಬರೆದರು, ಸಹೋದ್ಯೋಗಿಗಳೇ ಪರಿಶೀಲಿಸಿದರು. ಬರೆದವನ ಹೆಸರು ಸಲಹೆಯೊಡನೆ ಉಳಿಯಿತು. ಇದೇ ಆ ವ್ಯವಸ್ಥೆಯ ಜೀವಾಳವೆನ್ನಬೇಕು.

ಸಣ್ಣ ಕಾರ್ಖಾನೆಯಲ್ಲಿ ಹಿರಿಯ ಫಿಟ್ಟರ್ ನಿವೃತ್ತನಾದ ದಿನ ಗೇಟು ದಾಟಿ ಹೋಗುವ ಜ್ಞಾನ ಯಾವ ಅಢಾವೆ ಪತ್ರಿಕೆಯಲ್ಲಿಯೂ ಕಾಣದು. ಅದನ್ನು ಬರೆದಿಡಲು ತಗಲುವ ವಾರದ ಅರ್ಧ ಗಂಟೆಯನ್ನು ಮಾತ್ರ ಮಾಲೀಕರು ವ್ಯರ್ಥ ಕೂಲಿಯೆಂದು ತಪ್ಪದೇ ಲೆಕ್ಕ ಹಾಕುತ್ತಾರೆ! ಕಂಪ್ಯೂಟರ್ ವಿಭಾಗದವರೋ, ಯಂತ್ರಶಾಲೆಗೆ ಕಾಲಿಡದೆಯೇ ಮುಂದಿನ ತಂತ್ರಾಂಶದ ದರಪಟ್ಟಿ ತರಿಸುತ್ತಾರೆ. ಬರುವ ವರ್ಷದ ಆಯವ್ಯಯದಲ್ಲಿ ಆ ಅರ್ಧ ಗಂಟೆಯ ಕೂಲಿಯನ್ನು ತಂತ್ರಾಂಶದ ಬಾಬಿನಿಂದಲೇ ತೆಗೆದಿರಿಸುವುದು ಉಚಿತ.