ಅಜ್ಜ ಸೇದಿದರೆ ಚುಟ್ಟ, ಸಾಹೇಬರು ಸೇದಿದರೆ 92 ಅಂಕ

ಸಿಗಾರಿಗೂ ಪರೀಕ್ಷೆ ಇದೆ, ಅಂಕಪಟ್ಟಿ ಇದೆ ಅಂದರೆ ಊರಲ್ಲಿ ನಗುತ್ತಾರೆ. ಆದರೆ ಇದೆ. ಏಳಿಂಚಿನ ದಪ್ಪ ಸಿಗಾರನ್ನು ಒಂದು ಗಂಟೆಗೂ ಹೆಚ್ಚು ಹೊತ್ತು ಸೇದುತ್ತಾರೆ. ಹೊರಎಲೆಗೆ ಹೊಳಪಿದೆಯೇ, ಹೊಗೆ ಸಲೀಸಾಗಿ ಬರುತ್ತದೆಯೇ, ಬೂದಿ ಉದುರದೆ ನಿಲ್ಲುತ್ತದೆಯೇ ಎಂದೆಲ್ಲ ನೋಡಿ ನೂರಕ್ಕೆ ಇಷ್ಟು ಎಂದು ಬರೆಯುತ್ತಾರೆ. ರುಚಿಯ ಕಾಲಂನಲ್ಲಿ ಕಾಫಿ, ತೊಗಲು, ಒದ್ದೆ ಮಣ್ಣು, ಕರಿಮೆಣಸು. ತೊಗಲಿನ ರುಚಿ ಇವರಿಗೆ ಹೇಗೆ ಗೊತ್ತು ಎಂದು ಮಾತ್ರ ಕೇಳಬೇಡಿ.

ಬೆಂಗಳೂರಿನ ಹಲಸೂರು, ಇಂದಿರಾನಗರದ ಕಡೆ ಈ ಚಟಕ್ಕೆ ಈಗ 'ಅಭಿರುಚಿ' ಎಂದು ಹೆಸರು. ನಮ್ಮ ತಕರಾರು ಈ ಹೆಸರಿನ ಮೇಲೆ. ಸೇದುವವರು ಸೇದಲಿ, ದುಡ್ಡು ಅವರದು, ಎದೆಯೂ ಅವರದು. ಅಂಕ ಕೊಟ್ಟು, ಸಂಸ್ಕೃತಿ ಎಂದು ಹೇಳಿ ನಮ್ಮ ಹುಡುಗರಿಗೆ ಮಾರಬೇಡಿ.

ಮೊದಲು ಹೆಸರನ್ನೇ ನೋಡೋಣ. ಇಂಗ್ಲಿಷಿನ 'ಚೆರೂಟ್' ಬಂದದ್ದು ತಮಿಳಿನ 'ಸುರುಟ್ಟು'ವಿನಿಂದ. ನಮ್ಮ 'ಸುರುಟು' ಕೂಡ ಅದೇ ಬಳಗದ್ದು. ತಿರುಚ್ಚಿ, ದಿಂಡಿಗಲ್ ಕಡೆಯ ಚುಟ್ಟ ಬ್ರಿಟಿಷರಿಗೂ ಅಚ್ಚುಮೆಚ್ಚು. ಅವರ ದಂಡು ಬೀಡುಬಿಟ್ಟದ್ದು ಇದೇ ಹಲಸೂರಿನ ಪಕ್ಕದಲ್ಲಿ. 1896ರಲ್ಲಿ ಆ ದಂಡಿಗೆ ಬಂದ ಕಿರಿಯ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್. ಏಳಿಂಚಿನ ಸಿಗಾರಿಗೆ ಇವತ್ತು ಆತನದೇ ಹೆಸರು. ಆತ ಬಾಕಿ ಉಳಿಸಿ ಹೋದ 13 ರೂಪಾಯಿ ಲೆಕ್ಕವನ್ನು ಬೆಂಗಳೂರು ಕ್ಲಬ್ ಜೋಪಾನ ಮಾಡಿಟ್ಟಿದೆ. ದೊಡ್ಡವರು ಸಾಲ ತೀರಿಸದಿದ್ದರೂ ಅದು ಇತಿಹಾಸ! ಹಾಗೆಯೇ ಜಗಲಿಯ ಮೇಲೆ ಅಜ್ಜ ಸೇದಿದರೆ ಚುಟ್ಟ, ಕೆಟ್ಟ ಚಟ. ಸೋಫಾದ ಮೇಲೆ ಸಾಹೇಬರು ಸೇದಿದರೆ ಸಿಗಾರು, 92 ಅಂಕ.

ಎರಡನೆಯದು ಮೈಯ ಲೆಕ್ಕ. "ಹೊಗೆ ಒಳಗೆ ಎಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತೇವೆ" ಎನ್ನುವುದು ಇವರ ವಾದ. ಸಿಗರೇಟಿನಲ್ಲಿ ಇರುವುದು ಒಂದು ಗ್ರಾಂಗಿಂತ ಕಡಿಮೆ ತಂಬಾಕು. ದೊಡ್ಡ ಸಿಗಾರಿನಲ್ಲಿ 5ರಿಂದ 17 ಗ್ರಾಂ ಇರಬಹುದು. ಒಂದೇ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು! ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್ ಸಿಗಾರಿನಿಂದಲೂ ಬರುತ್ತದೆ. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಊರಿಂದ ಯಾರನ್ನಾದರೂ ಕರೆದುಕೊಂಡು ಹೋದವರಿಗೆ 'ಕಾಫಿಯ ಘಮ' ಎಂದು ಬರೆಯಲು ಕೈ ಏಳುವುದಿಲ್ಲ.

ಮೂರನೆಯದು ಕಾನೂನು. ತಂಬಾಕಿನ ಜಾಹೀರಾತನ್ನು 2003ರ ಕೇಂದ್ರ ಕಾಯ್ದೆ ನಿಷೇಧಿಸಿದೆ. 2024ರ ತಿದ್ದುಪಡಿಯಲ್ಲಿ ಕರ್ನಾಟಕ ಹುಕ್ಕಾ ಬಾರ್ ನಿಷೇಧಿಸಿತು, ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು, ಸಾರ್ವಜನಿಕ ಜಾಗದಲ್ಲಿ ಸೇದಿದರೆ 1,000 ರೂಪಾಯಿವರೆಗೆ ದಂಡ ಎಂದಿತು. ಒಳ್ಳೆಯದೇ ಆಯಿತು. ಆದರೆ ಬ್ರ್ಯಾಂಡ್ ಹೆಸರು, ಬೆಲೆ, ಫೋಟೊ, ಹೊಗಳಿಕೆ ಎಲ್ಲ ಸೇರಿಸಿ 'ವಿಮರ್ಶೆ' ಎಂದರೆ ಜಾಹೀರಾತು ಅಲ್ಲವೇ? ಸುದ್ದಿ ಯಾವುದು, ಜಾಹೀರಾತು ಯಾವುದು ಎನ್ನುವುದು ನಮಗೆ ಪತ್ರಿಕೋದ್ಯಮದ ಮೊದಲ ಪಾಠ. ಇದು ಎರಡನೆಯದು, ಅನುಮಾನವೇ ಇಲ್ಲ.

ಅಂಕದ ಬಿಸಿ ನಿಜವಾಗಿ ಗೊತ್ತಿರುವವರು ಬೇರೆ. ಪಿರಿಯಾಪಟ್ಟಣ, ಹುಣಸೂರು, ರಾಮನಾಥಪುರದ ಹೊಗೆಸೊಪ್ಪು ಸಿಗಾರಿಗಲ್ಲ, ಸಿಗರೇಟಿಗೆ ಹೋಗುತ್ತದೆ. ಒದ್ದೆ ಎಲೆ ಮುರಿಯುವಾಗ ನಿಕೋಟಿನ್ ಚರ್ಮದೊಳಗೆ ಇಳಿದು ತಲೆಸುತ್ತು, ವಾಂತಿ. ರಾತ್ರಿಯೆಲ್ಲ ನಿದ್ದೆಗೆಟ್ಟು ಬ್ಯಾರನ್‌ಗೆ ಸೌದೆ ಹಾಕಬೇಕು. ಇಷ್ಟೆಲ್ಲ ಆಗಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಬೇಲ್ ತಂದರೆ, ದರ್ಜೆ ಹೇಳುವವರೂ ಬೇರೆಯವರು, ಬೆಲೆ ಕಟ್ಟುವವರೂ ಬೇರೆಯವರು. ಕಡಿಮೆ ದರ್ಜೆ ಎಂದರೆ ವರ್ಷದ ಸಾಲ ಹಾಗೇ ಉಳಿಯಿತು. ಕರಾವಳಿಯ ಹೆಣ್ಣುಮಕ್ಕಳಿಗೆ ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. 'ಸರಿಯಿಲ್ಲ' ಎಂದು ಬದಿಗೆ ಸರಿಸಿದ ಬೀಡಿಗೆ ಕೂಲಿ ಇಲ್ಲ. ಅಲ್ಲಿ ಸೇದುವವರು ಅಂಕ ಕೊಟ್ಟು ಮೀಸೆ ತಿರುವುತ್ತಾರೆ, ಇಲ್ಲಿ ದುಡಿಯುವವರು ಅಂಕ ಕಳೆದುಕೊಂಡು ಬರಿಗೈಯಲ್ಲಿ ಮನೆಗೆ ಬರುತ್ತಾರೆ.

"ಹಾಗಾದರೆ ರೈತರೂ ತಂಬಾಕು ಬಿಡಲಿ" ಎಂದು ಯಾರಾದರೂ ಕೇಳಬಹುದು. ಬಿಡಲಿ, ಆದರೆ ಅಷ್ಟೇ ಖಾತ್ರಿಯ ಮಾರುಕಟ್ಟೆ ಇರುವ ಇನ್ನೊಂದು ಬೆಳೆ ತೋರಿಸಿ. ರೈತರದು ಹೊಟ್ಟೆಪಾಡು, ವಿಮರ್ಶಕರದು ಶೋಕಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಅಂಕ ಕೊಡಲೇಬೇಕೇ? ಹಾಗಾದರೆ ಪಟ್ಟಿಗೆ ಮೂರು ಕಾಲಂ ಸೇರಿಸಿ. ಎಲೆ ಬೆಳೆದವರಿಗೆ ಎಷ್ಟು ಸಿಕ್ಕಿತು? ಸುತ್ತಿದವರಿಗೆ ಎಷ್ಟು ಸಿಕ್ಕಿತು? ಸೇದಿದವರ ಆಸ್ಪತ್ರೆ ಬಿಲ್ ಎಷ್ಟಾಯಿತು? ಆಮೇಲೆ ಕೂಡಿಸಿ. ಪಾಸಾಗುವ ಸಿಗಾರು ಒಂದೂ ಇರುವುದಿಲ್ಲ.

ಬೆಂಗಳೂರಿಗೆ ದುಡಿಯಲು ಹೋದ ನಿಮ್ಮ ಮನೆಯ ಹುಡುಗನ ಸ್ಟೇಟಸ್‌ನಲ್ಲಿ ಸಿಗಾರು ಕಂಡರೆ ಬಯ್ಯಬೇಡಿ. ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356 ನಂಬರನ್ನು ಅವನಿಗೆ ಕಳಿಸಿ.